ಯಾರ ಋಣವೂ ಇಲ್ಲದ ಗೆಡ್ಡೆ

ನಾವು ಶಾಲೆಯಲ್ಲಿ ಓದಿದ ಕತೆಗಳಲ್ಲಿ ಋಷಿಗಳು ಗೆಡ್ಡೆ ಗೆಣಸು ತಿಂದು ತಪಸ್ಸು ಮಾಡುತ್ತಿದ್ದರು. ಕಂದಮೂಲ ಅಂದರೆ ಪವಿತ್ರ, ಸಾತ್ವಿಕ, ದೇವರಿಗೆ ಹತ್ತಿರ. ಲೆಕ್ಕ ತಪ್ಪಿದ ದಿನ ಅದೇ ಮಾತು ಬೈಗುಳವಾಗಿ ನಮ್ಮ ಮೇಲೆ ಬೀಳುತ್ತಿತ್ತು: 'ಗೆಡ್ಡೆ ಗೆಣಸು ತಿಂದ್ಕೊಂಡಿದ್ದೋರಿಗೆ ವಿದ್ಯೆ ಎಲ್ಲಿಂದ ಬರ್ಬೇಕು?' ಒಂದೇ ಗೆಡ್ಡೆ. ಒಬ್ಬ ತಿಂದರೆ ತಪಸ್ಸು, ಇನ್ನೊಬ್ಬ ತಿಂದರೆ ಕಾಡುತನ. ಏಕಾದಶಿಯ ದಿನ ಅನ್ನ ಬಿಟ್ಟು ಸಿಹಿಗೆಣಸು ಬೇಯಿಸಿ ತಿನ್ನುವವರಿಗೆ ಇನ್ನೊಂದು ಸಂಗತಿ ಹೇಳಬೇಕು. ಆ ಸಿಹಿಗೆಣಸು ಅಮೆರಿಕ ಖಂಡದ್ದು, ಹಡಗು ಹತ್ತಿ ಈಚೆಗೆ ಬಂದದ್ದು. ಋಷಿಗಳು ಅನ್ನುವವರು ಇದ್ದು ಗೆಣಸು ತಿಂದಿದ್ದೇ ಆದರೆ, ಅವರು ತಿಂದದ್ದು ನಮ್ಮಜ್ಜಿಯರು ಅಗೆದ ಕಾಡುಗೆಣಸನ್ನೇ ಇರಬೇಕು.

ಈ ಲೇಖನ ಆ ಬಳ್ಳಿಯ ಬಗ್ಗೆ. ಬಳ್ಳಿಯ ನೆಪದಲ್ಲಿ ಒಂದು ಪ್ರಶ್ನೆಯ ಬಗ್ಗೆ ಅಂತಲೂ ಅನ್ನಬಹುದು. ನಮ್ಮ ಹಿರಿಯರು ಹಸಿದಾಗ ತಿಂದದ್ದರ ಬಗ್ಗೆ ನಾವು, ಮೊದಲ ಸಲ ಡಿಗ್ರಿ ಕಂಡ ಮಕ್ಕಳು, ನಾಚಿಕೊಳ್ಳಬೇಕಾ, ಹೆಮ್ಮೆ ಪಡಬೇಕಾ? ಗೆಳೆಯರು ಕೂತು ಮಾತಾಡುವಾಗೆಲ್ಲ ಇದು ಎರಡು ಗುಂಪಾಗಿ ಒಡೆಯುತ್ತದೆ. ಎರಡೂ ಉತ್ತರ ನಮಗೆ ಸರಿಬಂದಿಲ್ಲ.

ಮೊದಲು ಬಳ್ಳಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಒಂದು ಕಡೆ, ಜಗಳೂರು ಇನ್ನೊಂದು ಕಡೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಯನ್ನೂ ಚಿತ್ರದುರ್ಗದಿಂದ ಜಗಳೂರನ್ನೂ ತಂದು ಒಟ್ಟು ಮಾಡಿದರು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಅದಾಗಿ ಇಪ್ಪತ್ತು ವರ್ಷಗಳ ಮೇಲೆ. ಕಾಗದದ ಮೇಲೆ ಒಂದೇ ಜಿಲ್ಲೆ, ನೆಲ ಮಾತ್ರ ಒಂದಲ್ಲ. ಪಡುವಣ ತಾಲ್ಲೂಕುಗಳು ಅರೆಮಲೆನಾಡು, ಭದ್ರಾ ನಾಲೆಯ ನೀರು, ಅಡಿಕೆ ತೋಟ, ತೋಟದಾಚೆ ಗುಡ್ಡದ ಕಾಡು. ಜಗಳೂರು ಬಯಲುಸೀಮೆ, ಕುರುಚಲು ಕಾಡು, ಮಳೆ ಬಂದರೆ ಬಂತು. ಪಡುವಣ ಕಾಡಿನಲ್ಲಿ ಕಾಡುಗೆಣಸಿನ ಬಳ್ಳಿಗಳು. ಮೂಡಣ ಕುರುಚಲಿನಲ್ಲಿ ಮಜ್ಜಿಗೆ ಗೆಡ್ಡೆ. ಇದನ್ನೇ ಅಂಗಡಿಯವರು ಶತಾವರಿ ಅನ್ನುತ್ತಾರೆ, ನಮ್ಮವರು 'ಹಲವು ಮಕ್ಕಳ ತಾಯಿ ಬೇರು' ಅಂತಾರೆ, ಒಂದು ಬುಡಕ್ಕೆ ಬೆರಳುಬೆರಳಾಗಿ ಹತ್ತಾರು ಬೇರು ಜೋತು ಬಿದ್ದಿರುವುದಕ್ಕೆ. ಎರೆಹೊಲದ ಬದುವಿನಲ್ಲಿ ಕರ್ಚಿಕಾಯಿ ಬಳ್ಳಿ. ಯಾರೂ ಬಿತ್ತುವುದಿಲ್ಲ. ನೆಲದೊಳಗಿನ ಗೆಡ್ಡೆ ಬೇಸಿಗೆಯೆಲ್ಲ ಸತ್ತ ಹಾಗೆ ಮಲಗಿ, ಮುಂಗಾರಿಗೆ ತಾನೇ ಏಳುತ್ತದೆ. ಅದರ ಗೆಡ್ಡೆ ಬಾಯಿಗಿಡುವಂಥದ್ದಲ್ಲ, ಕಾಯಿ ಮಾತ್ರ ಪಲ್ಯಕ್ಕೆ.

ಕಾಡುಗೆಣಸು ಒಂದೇ ಬಳ್ಳಿಯ ಹೆಸರಲ್ಲ. ಸಸ್ಯಶಾಸ್ತ್ರದವರು ಡಯಾಸ್ಕೋರಿಯ ಅನ್ನುವ ಒಂದೇ ಕುಲದಲ್ಲಿ ಹತ್ತಾರನ್ನು ಸೇರಿಸಿಟ್ಟಿದ್ದಾರೆ. ಕೆಲವು ಮರವನ್ನು ಎಡಕ್ಕೆ ಸುತ್ತಿ ಏರುತ್ತವೆ, ಕೆಲವು ಬಲಕ್ಕೆ. ಒಂದಕ್ಕೆ ಅಂಗೈ ಬಿಚ್ಚಿದ ಹಾಗೆ ಐದೆಲೆ, ಕಾಂಡಕ್ಕೆ ಮುಳ್ಳು. ಅದು ತಿನ್ನುವಂಥದ್ದು. ಮೂರೆಲೆಯ ಇನ್ನೊಂದು ಇದೆ, ಡಯಾಸ್ಕೋರಿಯ ಹಿಸ್ಪಿಡ. ಹಾಗೇ ತಿಂದರೆ ಜೀವ ತೆಗೆಯುತ್ತದೆ. ಮತ್ತೊಂದರಲ್ಲಿ ಗೆಡ್ಡೆ ನೆಲದೊಳಗೂ ಇರುತ್ತದೆ, ಬಳ್ಳಿಯ ಮೇಲೆ ಎಲೆಯ ಕಂಕುಳಲ್ಲೂ ಹಣ್ಣಿನ ಹಾಗೆ ತೂಗುತ್ತದೆ. ನೋಡಿದವರು ಕಾಯಿ ಅಂತಲೇ ತಿಳಿಯುತ್ತಾರೆ. ಅದು ಕಹಿ. ತೆಳ್ಳಗೆ ಹೆಚ್ಚಬೇಕು, ಬೂದಿ ಹಾಕಿ ಬೇಯಿಸಬೇಕು, ನೀರು ಬಸಿಯಬೇಕು, ಹರಿಯುವ ನೀರಲ್ಲಿ ಇಡಬೇಕು, ಮತ್ತೆ ಬೇಯಿಸಬೇಕು. ಎಷ್ಟು ಸಲ ಅನ್ನುವುದನ್ನು ನಾಲಗೆ ತುದಿ ಹೇಳುತ್ತದೆ. ಇಷ್ಟು ತಿಳಿಯಬೇಕಾದರೆ ಹಿಂದೆ ಎಷ್ಟು ಜನ ವಾಂತಿ ಮಾಡಿಕೊಂಡಿರಬೇಕು, ಎಷ್ಟು ಮಕ್ಕಳು ಸತ್ತಿರಬೇಕು, ಲೆಕ್ಕ ಇಟ್ಟವರಿಲ್ಲ. ಪ್ರಯೋಗಾಲಯ ಇಲ್ಲದವರು ತಮ್ಮ ಹೊಟ್ಟೆಯನ್ನೇ ಪ್ರಯೋಗಾಲಯ ಮಾಡಿಕೊಂಡರು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಈ ಬಳ್ಳಿ ಮಳೆಗಾಲ ಮುಗಿದ ಮೇಲೆ ಹಳದಿಯಾಗಿ ಒಣಗಿ ಉದುರಿಹೋಗುತ್ತದೆ. ಹಸಿವು ಹೆಚ್ಚಾಗುವುದು ಬೇಸಿಗೆಯಲ್ಲಿ. ಆ ಹೊತ್ತಿಗೆ ನೆಲದ ಮೇಲೆ ಗುರುತೇ ಇರುವುದಿಲ್ಲ. ಅಗೆಯುವವಳಿಗೆ ನೆನಪಿರಬೇಕು: ಕಾರ್ತಿಕದಲ್ಲಿ ಈ ಕಲ್ಲಿನ ಹಿಂದೆ, ಈ ಕಮರದ ಬುಡದಲ್ಲಿ ಬಳ್ಳಿ ಇತ್ತು ಅಂತ. ಅಕ್ಷರ ಬಾರದವರು ಅಂತ ಯಾರನ್ನು ಕರೆದರೋ ಅವರು ಒಂದು ಗುಡ್ಡವನ್ನೇ ಪುಸ್ತಕದ ಹಾಗೆ ಬಾಯಿಪಾಠ ಮಾಡಿದ್ದರು.

ಈಗ ಋಣದ ಮಾತಿಗೆ ಬರೋಣ.

'ಉಂಡ ಮನೆಗೆ ಎರಡು ಬಗೆಯಬಾರದು' ಅನ್ನುವ ಗಾದೆ ಕೇಳದವರು ನಮ್ಮ ಸೀಮೆಯಲ್ಲಿಲ್ಲ. ಕೇಳಲಿಕ್ಕೆ ಒಳ್ಳೇ ಮಾತು. ಆದರೆ ಈ ಗಾದೆಯನ್ನು ಯಾರು ಯಾರಿಗೆ ಹೇಳಿದರು? ಉಣಿಸಿದವನು ಉಂಡವನಿಗೆ ಹೇಳಿದ. ಹಟ್ಟಿಯಲ್ಲಿ ಕಾಳು ಮುಗಿದಾಗ ಗೌಡರ ಮನೆಯ ಹಗೇವಿನಿಂದ ಎರಡು ಇಬ್ಬಳಿಗೆ ಜೋಳ ಬಂತು. ಆ ಜೋಳದ ಹಿಂದೆ ಬಡ್ಡಿ ಬಂತು, ಬಡ್ಡಿಯ ಹಿಂದೆ ಮಗ ಹೋದ ಜೀತಕ್ಕೆ. ಜೀತ ಕಾನೂನಿನಲ್ಲಿ ರದ್ದಾದದ್ದು 1976ರಲ್ಲಿ, ಅದಕ್ಕೆ ಮೊದಲು 1975ರ ಸುಗ್ರೀವಾಜ್ಞೆಯಲ್ಲಿ. ಕಾನೂನು ಸಾಲದ ಪತ್ರವನ್ನು ಹರಿಯಿತು. ಋಣ ಅನ್ನುವ ಮಾತನ್ನು ಹರಿಯಲಿಕ್ಕೆ ಅದಕ್ಕೆ ಕೈ ಎಟುಕಲಿಲ್ಲ. 'ನಿಮ್ಮಪ್ಪ ನಮ್ಮನೆ ಅನ್ನ ತಿಂದೋನು' ಅಂತ ಇವತ್ತಿಗೂ, ಪಂಚಾಯ್ತಿ ಚುನಾವಣೆಯ ದಿನ, ನಮ್ಮ ಮುಖ ನೋಡಿ ಹೇಳುವವರಿದ್ದಾರೆ. ನಮ್ಮಪ್ಪ ಅವರ ಹೊಲ ಉತ್ತಿದ್ದನ್ನು ಮಾತ್ರ ಯಾರೂ ಋಣ ಅನ್ನಲ್ಲ. ಅನ್ನ ಕೊಟ್ಟವನದ್ದು ಋಣವಾಗುತ್ತೆ, ಅನ್ನ ಬೆಳೆದವನದ್ದು ಕೂಲಿಯಾಗುತ್ತೆ. ಇದು ಯಾವ ಲೆಕ್ಕ?

ಮಿಕ್ಕಿದ್ದು, ತಂಗಳು, ಎಂಜಲು, ಸತ್ತ ದನ: ನಮ್ಮ ಕೇರಿಯ ಅನ್ನದ ಇತಿಹಾಸದಲ್ಲಿ ಬಹುಪಾಲು ಇನ್ನೊಬ್ಬರ ಕೈಯಿಂದ, ಮೇಲಿಂದ ಕೆಳಕ್ಕೆ ಬಿದ್ದದ್ದೇ. ಅಂಬೇಡ್ಕರ್ ಅವರು 1927ರಲ್ಲಿ ಮಹಾಡದಲ್ಲಿ ಎಂಜಲು ಬಿಡಿ, ಸತ್ತ ದನದ ಮಾಂಸ ಬಿಡಿ ಅಂದದ್ದು ಇದಕ್ಕೇ. ಅಲ್ಲಿ ಪ್ರಶ್ನೆ ತಿನ್ನುವ ಪದಾರ್ಥದ್ದಷ್ಟೇ ಆಗಿರಲಿಲ್ಲ, ಅದು ಯಾವ ಕೈಯಿಂದ ಯಾವ ಭಂಗಿಯಲ್ಲಿ ಬರುತ್ತೆ ಅನ್ನುವುದಾಗಿತ್ತು. ಅದೇ ಮಹಾಡದಲ್ಲಿ ಅವರು ಕೆರೆಗಿಳಿದು ನೀರು ಕುಡಿದರು. ಯಾರೂ ಮೇಲಿಂದ ಸುರಿಯಲಿಲ್ಲ, ಬೊಗಸೆ ಒಡ್ಡಲಿಲ್ಲ. ತಾವೇ ಬಗ್ಗಿ ಎತ್ತಿಕೊಂಡ ನೀರು ಅದು.

ಕಾಡುಗೆಣಸಿನ ಜಾಗ ಇಲ್ಲಿ. ನಮ್ಮ ಹಿರಿಯರು ತಿಂದ ಅನ್ನದಲ್ಲಿ ಇದೊಂದಕ್ಕೆ ಮಾತ್ರ ಕೊಟ್ಟವನು ಇಲ್ಲ. ಯಾರ ಹಿತ್ತಿಲ ಬಾಗಿಲಲ್ಲೂ ನಿಲ್ಲಲಿಲ್ಲ, ಯಾರನ್ನೂ 'ಬುದ್ಧೀ' ಅನ್ನಲಿಲ್ಲ. ಬಗ್ಗಿದ್ದು ನಿಜ, ಎದೆಯುದ್ದ ಕುಣಿ ತೋಡಿ ತಲೆಕೆಳಗಾಗಿ ಬಗ್ಗಿದರು. ಆದರೆ ಮಣ್ಣಿಗೆ ಬಗ್ಗಿದರು, ಮನುಷ್ಯನಿಗಲ್ಲ. ಇವೆರಡರ ನಡುವಿನ ವ್ಯತ್ಯಾಸ ಗೊತ್ತಾಗಬೇಕಾದರೆ ಎರಡನ್ನೂ ಮಾಡಿದವರನ್ನು ಕೇಳಬೇಕು.

ಹಾಗಂತ ಹೆಮ್ಮೆಯ ಗೆಳೆಯರ ಜೊತೆ ನಾವು ಪೂರ್ತಿ ಹೋಗಲಾರೆವು. ಹಸಿವು ಸ್ವಾತಂತ್ರ್ಯ ಅಲ್ಲ. 1876ರಿಂದ 1878ರವರೆಗಿನ ಬರದಲ್ಲಿ, ಧಾತು ಈಶ್ವರ ಬರ ಅಂತ ಹಳಬರು ಕರೆದ ಬರದಲ್ಲಿ, ಮೈಸೂರು ಸೀಮೆಯ ಮೂಡಣ ಜಿಲ್ಲೆಗಳು ಮಸಣವಾದವು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರ ಇದ್ದ ಸಂಸ್ಥಾನದ ಜನ 1881ರಲ್ಲಿ 41 ಲಕ್ಷ 86 ಸಾವಿರ. ಬರದಲ್ಲಿ ಗೆಡ್ಡೆ ಅಗೆದವರೆಲ್ಲ ಬದುಕಲಿಲ್ಲ. ಎಲ್ಲರೂ ಅಗೆದರೆ ಗುಡ್ಡ ಎಷ್ಟು ದಿನ ಕೊಟ್ಟೀತು? ವಿಷ ತೆಗೆಯುವಷ್ಟು ತಾಳ್ಮೆ ಹಸಿದ ಹೊಟ್ಟೆಗೆ ಎಲ್ಲಿ ಬರುತ್ತೆ? ಮೈಸೂರಲ್ಲಿ, ಜೋಯಿಡಾದಲ್ಲಿ ಗೆಡ್ಡೆ ಗೆಣಸು ಮೇಳ ನಡೆಯುತ್ತವೆ. ಒಳ್ಳೇದೇ. ಬೆಳೆದವರಿಗೆ ನಾಲ್ಕು ಕಾಸು ಸಿಗುತ್ತೆ, ತಳಿ ಉಳಿಯುತ್ತೆ. ಆದರೆ ಪೇಟೆಯ ಗೆಳೆಯರೊಬ್ಬರು ಅಲ್ಲಿಂದ ಬಂದು, 'ನಿಮ್ಮ ಪೂರ್ವಜರು ಎಷ್ಟು ಆರೋಗ್ಯವಾಗಿ ಉಣ್ತಿದ್ರು!' ಅಂದಾಗ ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಸಿಕ್ಕ ಗೆಡ್ಡೆಯನ್ನು ಆರೋಗ್ಯ ಅನ್ನುವುದು ಹೇಗೆ? ಬಡತನಕ್ಕೆ ಹಾಡು ಕಟ್ಟುವವರು ಅದನ್ನು ಕಂಡವರಲ್ಲ.

ಹಾಡಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇವೆ. ಬೇಲಿಯ ಮೇಲೆ ಕಾಡುತೊಂಡೆ ಹಬ್ಬುತ್ತದೆ. ಕಾಯಿ ಹಸಿರು, ಹಣ್ಣು ಕೆಂಡದ ಕೆಂಪು. ದನ ಕಾಯಲು ಹೋದ ನಮ್ಮ ಹುಡುಗರಿಗೆ ಅದು ಮಧ್ಯಾಹ್ನದ ಊಟ. ನಮ್ಮ ಹಳಗನ್ನಡ ಕವಿಗಳು, ಅವರಿಗೂ ಮೊದಲು ಸಂಸ್ಕೃತದವರು, ಸಾವಿರ ವರ್ಷ ಆ ಹಣ್ಣನ್ನು ನೋಡಿದರು. ನೋಡಿ ಏನು ಕಂಡರು? ರಾಜಕುಮಾರಿಯ ತುಟಿ. ತೊಂಡೆಹಣ್ಣಿನ ತುಟಿ, ಬಿಂಬಾಧರ. ಅಷ್ಟು ಕಾವ್ಯದಲ್ಲಿ ಅದನ್ನು ಕಿತ್ತು ಹೊಟ್ಟೆಗೆ ಹಾಕಿಕೊಂಡ ಹುಡುಗನನ್ನು ನಾವು ಹುಡುಕಿದೆವು, ಕಾಣಲಿಲ್ಲ. ಉಪಮೆ ಚೆಂದ ಇಲ್ಲ ಅಂತಲ್ಲ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಅಷ್ಟೆಲ್ಲ ಗಲಭೆ ಎದ್ದು ಅವರ ಮಂತ್ರಿಗಿರಿಯೇ ಹೋಯಿತು. ನಮಗನ್ನಿಸುವುದು, ಬೂಸಾ ದನಕ್ಕಾದರೂ ಆಗುತ್ತದೆ.

ಈಗ ಕಷ್ಟದ ಪ್ರಶ್ನೆ. ಯಾರ ಋಣವೂ ಇಲ್ಲದ ಅನ್ನ ಅಂತ ಒಂದು ಇರಲು ಸಾಧ್ಯವಾ? ಗೆಡ್ಡೆ ಅಗೆಯುವವರ ಒಂದು ರೂಢಿ ಇದಕ್ಕೆ ಉತ್ತರ ಕೊಡುತ್ತದೆ ಅಂತ ನಮ್ಮ ಎಣಿಕೆ. ಗೆಡ್ಡೆಯನ್ನು ಬುಡದಿಂದ ಪೂರ್ತಿ ಕಿತ್ತು ತರುವುದಿಲ್ಲ. ಬಳ್ಳಿ ಹುಟ್ಟುವ ತಲೆಯ ಭಾಗವನ್ನು ಕೊಯ್ದು ಅದೇ ಕುಣಿಯಲ್ಲಿಟ್ಟು ಮಣ್ಣು ಮುಚ್ಚುತ್ತಾರೆ. ಬರುವ ಮುಂಗಾರಿಗೆ ಅದು ಚಿಗುರುತ್ತದೆ, ಎರಡು ಮೂರು ವರ್ಷಕ್ಕೆ ಮತ್ತೆ ಗೆಡ್ಡೆ ಕೂಡುತ್ತದೆ. ಎದೆಯುದ್ದ ಕುಣಿ ತೋಡಿದವಳಿಗೆ, ಮನೆಯಲ್ಲಿ ಮಕ್ಕಳು ಅಳುತ್ತಿರುವವಳಿಗೆ, ಅಂಗೈ ಅಗಲದ ಆ ತುಂಡೂ ಒಂದು ಹೊತ್ತಿನ ಊಟವೇ. ಆದರೂ ಬಿಡುತ್ತಾಳೆ. ಯಾರಿಗೆ? ಬರುವ ವರ್ಷ ತಾನೇ ಬರುತ್ತೇನೆಂಬ ಖಾತ್ರಿ ಏನಿಲ್ಲ. ಆ ಕುಣಿಗೆ ಬೇರೆ ಹಟ್ಟಿಯವಳು ಬರಬಹುದು, ತಾಂಡದವಳು ಬರಬಹುದು, ಹಂದಿ ಬರಬಹುದು. ಅವಳು ಈಗ ಅಗೆದ ಗೆಡ್ಡೆಯ ತಲೆಯನ್ನೂ ಹಿಂದೆ ಯಾರೋ ಬಿಟ್ಟು ಹೋದದ್ದೇ. ಅವರು ಯಾರು ಅಂತ ಇವಳಿಗೆ ಗೊತ್ತಿಲ್ಲ.

ಇದು ಋಣವೇ. ಆದರೆ ಗೌಡರ ಮನೆಯ ಜೋಳದ ಋಣವಲ್ಲ. ಅದಕ್ಕೆ ಸಾಲಗಾರನ ಹೆಸರಿದೆ, ಪತ್ರವಿದೆ, ಬಡ್ಡಿಯಿದೆ, ಹೆಬ್ಬೆಟ್ಟಿದೆ. ಇದರಲ್ಲಿ ಕೊಟ್ಟವನ ಹೆಸರೂ ಇಲ್ಲ, ತೀರಿಸಿಕೊಳ್ಳುವವನ ಹೆಸರೂ ಇಲ್ಲ. ಹಿಂದಕ್ಕೆ ಕೊಡುವುದಲ್ಲ, ಮುಂದಕ್ಕೆ ಬಿಡುವುದು. ಉಣಿಸಿದವನು ದೊಡ್ಡವನಾಗದ, ಉಂಡವನು ಸಣ್ಣವನಾಗದ ಋಣ ಅದು. ಧರ್ಮಶಾಸ್ತ್ರಗಳು ದೇವಋಣ, ಋಷಿಋಣ, ಪಿತೃಋಣ ಅಂತ ಮೂರನ್ನು ಎಣಿಸಿವೆ. ಹೆಸರು ತಿಳಿಯದ, ಜಾತಿ ತಿಳಿಯದ, ಮುಂದೆ ಹಸಿಯುವವನ ಋಣ ಆ ಪಟ್ಟಿಯಲ್ಲಿಲ್ಲ.

ಕಾನೂನಿನ ಪಟ್ಟಿಯಲ್ಲಿ ಮಾತ್ರ ಬಳ್ಳಿ ಇದೆ. 1927ರ ಭಾರತೀಯ ಅರಣ್ಯ ಕಾಯ್ದೆ 'ಅರಣ್ಯ ಉತ್ಪನ್ನ' ಅಂದರೆ ಏನು ಅಂತ ಹೇಳುವಾಗ ಹುಲ್ಲು, ಬಳ್ಳಿ, ಪಾಚಿಯನ್ನೂ, ಅವುಗಳ ಎಲ್ಲ ಭಾಗಗಳನ್ನೂ ಹೆಸರಿಸಿ ಸೇರಿಸಿತು. ಕರ್ನಾಟಕದ 1963ರ ಕಾಯ್ದೆ ಅದೇ ಜಾಡಿನದು. 1972ರ ವನ್ಯಜೀವಿ ಕಾಯ್ದೆ ಬಂದು ಅಭಯಾರಣ್ಯಗಳಲ್ಲಿ ಕಟ್ಟು ಇನ್ನಷ್ಟು ಬಿಗಿಯಾಯಿತು. ಜಗಳೂರಿನ ರಂಗಯ್ಯನದುರ್ಗದ ಕಾಡು ಈಗ ಕೊಂಡುಕುರಿಯ ಅಭಯಾರಣ್ಯ. ಕೊಂಡುಕುರಿ ಬದುಕಲಿ, ನಮ್ಮದೇನೂ ತಕರಾರಿಲ್ಲ. ಆದರೆ ಬ್ರಿಟಿಷರ ಕಾಲದ ಬರಗಾಲದ ಸಂಹಿತೆಗಳಲ್ಲೂ, ಬರ ಬಿದ್ದಾಗ ಕಾಯ್ದಿಟ್ಟ ಕಾಡನ್ನು ತಿನ್ನುವ ಗೆಡ್ಡೆ, ಹಣ್ಣು ಆಯಲು ಜನರಿಗೆ ತೆರೆಯಬೇಕು ಅನ್ನುವ ಏರ್ಪಾಡಿತ್ತು ಅನ್ನುವುದನ್ನು ನೆನಪಿಡಬೇಕು. ಅಂದರೆ ಗೆಡ್ಡೆ ಜನರದ್ದು ಅನ್ನುವುದು ಸರ್ಕಾರಕ್ಕೂ ಗೊತ್ತಿತ್ತು, ಜನ ಸಾಯುವ ಹೊತ್ತಿಗೆ ಗೊತ್ತಾಗುತ್ತಿತ್ತು.

2006ರ ಅರಣ್ಯ ಹಕ್ಕು ಕಾಯ್ದೆ ಇದನ್ನು ತಿರುಗಿಸಿತು. ಕಿರು ಅರಣ್ಯ ಉತ್ಪನ್ನ ಯಾವುದು ಅನ್ನುವಲ್ಲಿ ಬೇರು, ಗೆಡ್ಡೆ ಅನ್ನುವ ಪದಗಳೇ ಇವೆ. ಅದರ ಒಡೆತನ ಆಯ್ದುಕೊಳ್ಳುವವರದು. ಅಭಯಾರಣ್ಯದಲ್ಲೂ ಈ ಕಾಯ್ದೆ ನಡೆಯುತ್ತದೆ. 79 ವರ್ಷದಲ್ಲಿ ಬಳ್ಳಿ ಸರ್ಕಾರದ ಸ್ವತ್ತಿನಿಂದ ಜನರ ಹಕ್ಕಿಗೆ ಬಂತು. ಬಂತಾ? ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿ ವಾಸವಿದ್ದು ಕಾಡನ್ನು ನೆಚ್ಚಿದ್ದರೆ ಸಾಕು. ಉಳಿದವರು 'ಇತರ ಪಾರಂಪರಿಕ ಅರಣ್ಯವಾಸಿಗಳು', ಮೂರು ತಲೆಮಾರು, ತಲೆಮಾರಿಗೆ 25ರಂತೆ 75 ವರ್ಷ ತೋರಿಸಬೇಕು. ಅಂದರೆ 1930ಕ್ಕೆ ಹೋಗಬೇಕು. 1930ರಲ್ಲಿ ನಮ್ಮ ಕೇರಿಯಲ್ಲಿ ಯಾರ ಹೆಸರು ಯಾವ ಕಾಗದದಲ್ಲಿತ್ತು? ಸಾಲದ ಪತ್ರದಲ್ಲಿ ಬಿಟ್ಟರೆ?

ಒಂದೇ ಊರು ತಗೊಳ್ಳಿ. ನಾಯಕರ ಹಟ್ಟಿಗೆ ಒಂದು ಅಳತೆ, ಅವರು 1991ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಮಾದಿಗರ ಕೇರಿಗೆ ಇನ್ನೊಂದು ಅಳತೆ. ಲಂಬಾಣಿ ತಾಂಡದ್ದಂತೂ ಕೇಳಲೇಬೇಡಿ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಸಂತ ಸೇವಾಲಾಲರ ಜಾತ್ರೆಗೆ ತೆಲಂಗಾಣದಿಂದ, ಮಹಾರಾಷ್ಟ್ರದಿಂದ, ನಮ್ಮ ಕಡೆಯಿಂದ ಬಂಜಾರರು ಬರುತ್ತಾರೆ. ಒಂದೇ ಮಾತು, ಒಂದೇ ದೇವರು, ಒಂದೇ ಹಾಡು. ತೆಲಂಗಾಣದವರು ಪರಿಶಿಷ್ಟ ಪಂಗಡ, ಕರ್ನಾಟಕದವರು ಪರಿಶಿಷ್ಟ ಜಾತಿ, ಮಹಾರಾಷ್ಟ್ರದವರು ವಿಮುಕ್ತ ಜಾತಿ. ಮೂವರ ಅಜ್ಜಿಯರೂ ಒಂದೇ ಬಗೆಯ ಗೆಡ್ಡೆ ಅಗೆದವರು. ಒಬ್ಬಳ ಮೊಮ್ಮಗ ಸುಲಭದಲ್ಲಿ ಹಕ್ಕು ಕೇಳಬಹುದು, ಇನ್ನಿಬ್ಬರ ಮೊಮ್ಮಕ್ಕಳು 75 ವರ್ಷದ ದಾಖಲೆ ಹುಡುಕಬೇಕು. ಇದನ್ನು ಹೇಳುವಾಗ ಒಂದು ಎಚ್ಚರ ಬೇಕು. ನಾಯಕರಿಗೆ ಸಿಕ್ಕಿದ್ದು ಹೆಚ್ಚಾಯಿತು ಅನ್ನುವುದು ನಮ್ಮ ವಾದ ಅಲ್ಲ. ಕೆಳಗಿನವರು ಕೆಳಗಿನವರ ತಟ್ಟೆ ನೋಡುವ ಹಾಗೆ ಮಾಡುವುದೇ ಮೇಲಿನವರ ಹಳೇ ಕಸುಬು.

ಇನ್ನು ಸೊಸೈಟಿ ಅಕ್ಕಿ. ಗೆಡ್ಡೆ ಅಗೆಯುವ ಕಾಲ ಹೋಯಿತು, ಅನ್ನಭಾಗ್ಯ ಬಂತಲ್ಲ ಅಂತ ಕೇಳಬಹುದು. ಬಂತು, 2013ರಲ್ಲಿ. ಅದೇ ವರ್ಷ ಆಹಾರ ಭದ್ರತಾ ಕಾಯ್ದೆಯೂ ಬಂತು. ಕಾಯ್ದೆ ಅಂದಮೇಲೆ ಅದು ಹಕ್ಕು. ಆದರೆ ಚೀಲದ ಮೇಲೆ ಯಾರದೋ ಮುಖ ಅಚ್ಚಾಗಿ ಬರುತ್ತದೆ, ಪೇಟೆಯಲ್ಲಿ ಕೂತವರು 'ಬಿಟ್ಟಿ ಅಕ್ಕಿ ತಿಂದು ಸೋಮಾರಿಗಳಾದರು' ಅನ್ನುತ್ತಾರೆ. ಹಕ್ಕನ್ನು ಮತ್ತೆ ಭಿಕ್ಷೆ ಮಾಡುವುದಕ್ಕೆ ಒಂದು ಮುಖ, ಒಂದು ಮಾತು ಸಾಕು. ಗೆಡ್ಡೆಯ ಮೇಲೆ ಯಾರ ಮುಖವೂ ಇರಲಿಲ್ಲ.

ಮಾಡಬೇಕಾದ ಕೆಲಸ ಒಂದಿದೆ, ಊರ ಮೇಷ್ಟ್ರುಗಳು, ವಿದ್ಯಾರ್ಥಿಗಳು ಕೈಹಾಕಬೇಕಾದ್ದು. ಅರಣ್ಯ ಹಕ್ಕು ನಿಯಮಗಳ 13ನೇ ನಿಯಮದಲ್ಲಿ ಕಾಗದಪತ್ರವಷ್ಟೇ ಸಾಕ್ಷಿ ಅಂತಿಲ್ಲ. ಅರ್ಜಿದಾರರಲ್ಲದ ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ. ಸಮುದಾಯದ ಹಕ್ಕಿಗೆ ಗೆಡ್ಡೆ, ಬೇರು, ಹಣ್ಣು ಆಯುತ್ತಿದ್ದ ಜಾಗಗಳೇ ಸಾಕ್ಷಿ ಅಂತ ಅಲ್ಲೇ ಬರೆದಿದೆ. ಅಂದರೆ ನಮ್ಮಜ್ಜಿಯರ ಬಾಯಿಪಾಠದ ಗುಡ್ಡಕ್ಕೆ ಕಾನೂನಿನಲ್ಲಿ ಬೆಲೆ ಇದೆ. ಆ ತಲೆಮಾರು ಹೋಗುತ್ತಿದೆ. ಅವರ ಜೊತೆ ಐದೆಲೆ ಯಾವುದು, ಮೂರೆಲೆ ಯಾವುದು ಅನ್ನುವುದೂ ಹೋಗುತ್ತಿದೆ.

ನಾವು ಕೆಲವರು ಪುಸ್ತಕ, ಪೆನ್ನು ಹಿಡಿದು ಹೀಗೆ ಬರೆಯಲು ಹೊರಟೆವು. ಗುಡ್ಡದಂಚಿನ ಊರೊಂದರಲ್ಲಿ ವಯಸ್ಸಾದ ತಾಯಿಯೊಬ್ಬರು ಬೂದಿಯ ಲೆಕ್ಕ, ನೀರಿನ ಲೆಕ್ಕ ಎಲ್ಲ ಹೇಳಿದರು. ಜಾಗ ಯಾವುದು ಅಂದಾಗ ಸುಮ್ಮನಾದರು. ಆಮೇಲೆ, 'ಬರ್ಕಂಡ್ರೆ ಯಾರ್ ಬೇಕಾದ್ರೂ ಓದ್ತಾರಲ್ಲೋ ತಮ್ಮಾ' ಅಂದರು. ಹಲವು ಮಕ್ಕಳ ತಾಯಿ ಬೇರಿಗೆ ಔಷಧಿ ವ್ಯಾಪಾರದಲ್ಲಿ ಬೆಲೆ ಬಂದ ಮೇಲೆ ಹೊರಗಿನವರು ಬಂದು, ತಲೆಯನ್ನೂ ಬಿಡದೆ, ಬುಡಸಮೇತ ಕಿತ್ತು ಒಯ್ದದ್ದನ್ನು ಅವರು ಕಂಡಿದ್ದರು. ಅವರ ಅಂಜಿಕೆ ನಮ್ಮೂರಿಗಷ್ಟೇ ಸೇರಿದ್ದಲ್ಲ. ಮೆಕ್ಸಿಕೋದಲ್ಲಿ ನಮ್ಮ ಕಾಡುಗೆಣಸಿನ ಕುಲದ್ದೇ ಒಂದು ಬಳ್ಳಿ ಇದೆ, ಬಾರ್ಬಾಸ್ಕೋ ಅಂತ. 1940ರ ದಶಕದಲ್ಲಿ ಅಲ್ಲಿನ ಕಾಡುಗೆಣಸುಗಳಿಂದ ಹಾರ್ಮೋನು ತೆಗೆಯುವ ದಾರಿ ಗೊತ್ತಾಯಿತು. 1951ರಲ್ಲಿ ಮೆಕ್ಸಿಕೋ ನಗರದ ಸಿಂಟೆಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಗರ್ಭ ತಡೆಯುವ ಗುಳಿಗೆಯ ಮೂಲದ್ರವ್ಯ ತಯಾರಾಯಿತು. ಜಗತ್ತಿನ ಹೆಂಗಸರ ಬದುಕನ್ನೇ ಬದಲಿಸಿದ ಗುಳಿಗೆ ಅದು. ಕಾಡಿನಲ್ಲಿ ಗೆಡ್ಡೆ ಅಗೆದು ಕಿಲೋ ಲೆಕ್ಕದಲ್ಲಿ ಮಾರಿದ ಬಡರೈತರ ಬದುಕು ಬದಲಾಗಲಿಲ್ಲ.

ಬರೆಯದೆ ಹೋದರೆ ಹಕ್ಕಿಗೆ ಸಾಕ್ಷಿ ಇಲ್ಲ. ಬರೆದರೆ ಗುಟ್ಟು ಉಳಿಯಲ್ಲ. ಗ್ರಾಮಸಭೆ ಬಲವಾಗಿದ್ದರೆ ಹೊರಗಿನವರನ್ನು ತಡೆಯಬಹುದು ಅಂತ ನಮ್ಮಲ್ಲಿ ಕೆಲವರು ವಾದಿಸಿದರು. ಗ್ರಾಮಸಭೆಯ ಮುಂದಿನ ಕುರ್ಚಿಯಲ್ಲಿ ಕೂರುವವರು ಯಾರು ಅಂತ ಉಳಿದವರು ಕೇಳಿದರು. ಆ ತಾಯಿಯ ಹೇಳಿಕೆ ನಮ್ಮ ಹತ್ತಿರ ಇದೆ: ವಯಸ್ಸು ಸುಮಾರು ಎಂಬತ್ತು, ಅಗೆದ ವರ್ಷಗಳು ಇಂತಿಷ್ಟು, ತಿಂದ ಮಂದಿ ಇಂತಿಷ್ಟು, ಹೆಬ್ಬೆಟ್ಟು. ಗುಡ್ಡದ ಹೆಸರು ಬರೆಯುವ ಸಾಲನ್ನು ಖಾಲಿ ಬಿಟ್ಟಿದ್ದೇವೆ.